ಛಾಯಾಚಿತ್ರವೂ ಜೀರ್ಣೋದ್ಧಾರವೂ

ದೇವಾಲಯವು ಹಳೆಯದಾದರೆ ಅದಕ್ಕೆ ಜೀರ್ಣೋದ್ಧಾರವುಂಟು. ಸಡಿಲಿದ ಕಲ್ಲನ್ನು ಮರಳಿ ಕೂರಿಸುವುದಕ್ಕೂ, ಬಿದ್ದ ಗೋಡೆಯನ್ನು ಎತ್ತಿ ಕಟ್ಟುವುದಕ್ಕೂ ನಮ್ಮ ಆಗಮಗಳೂ ಶಿಲ್ಪಶಾಸ್ತ್ರಗಳೂ ವಿಧಿಯನ್ನು ಹೇಳಿರುವುವು. ಆದರೆ ದೇವಾಲಯದ ಚಿತ್ರವೇ ಹಳೆಯದಾದರೆ ಮಾಡತಕ್ಕುದೇನು? ಮಾಸಿದ ಚಿತ್ರದ ಮೇಲೆ ಹೊಸ ಬಣ್ಣವನ್ನು ಹಚ್ಚಬೇಕೆ? ಕಾಣದೆ ಹೋದ ಭಾಗವನ್ನು ಊಹೆಯಿಂದ ತುಂಬಬೇಕೆ? ಇಲ್ಲವೆ ಅದನ್ನು ಇದ್ದಂತೆಯೇ ಕಾಪಾಡಿ, ಮೊದಲಿನವನು ನಿಂತಲ್ಲಿಯೇ ನಿಂತು ಮತ್ತೊಂದು ಚಿತ್ರವನ್ನು ತೆಗೆದು, ಎರಡನ್ನೂ ಒಂದರ ಪಕ್ಕದಲ್ಲೊಂದನ್ನು ಇಡಬೇಕೆ? ಇದು ಚಿತ್ರಗಾರರಿಗೆ ಮಾತ್ರ ಸಂಬಂಧಿಸಿದ ಚರ್ಚೆಯೆಂದು ತೋರಬಹುದು. ಆದರೆ ನಾಡಿನ ಚರಿತ್ರೆಯಲ್ಲಿ ಬಹು ಭಾಗವು ಈಗ ಚಿತ್ರಗಳ ಮೇಲೆ ನಿಂತಿರುವುದರಿಂದ, ಚಿತ್ರವನ್ನು ತಿದ್ದುವವನು ಚರಿತ್ರೆಯನ್ನೂ ತಿದ್ದುವನು. ಈ ಮೂರು ದಾರಿಗಳಿಗೂ ಕನ್ನಡ ನಾಡಿನಲ್ಲಿಯೇ ಸ್ಪಷ್ಟವಾದ ನಿದರ್ಶನಗಳಿರುವುವು.

ಮೊದಲನೆಯ ನಿದರ್ಶನವು ಮಂಡ್ಯದ ಜಿಲ್ಲೆಯೊಳಗೇ ಉಂಟು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯು ೧೭೮೪ರಲ್ಲಿ ಟಿಪ್ಪೂ ಸುಲ್ತಾನನಿಂದ ನಿರ್ಮಿತವಾಯಿತು. ಅದರ ಪಶ್ಚಿಮದ ಗೋಡೆಯ ಮೇಲೆ ೧೭೮೦ರ ಸೆಪ್ಟೆಂಬರಿನಲ್ಲಿ ನಡೆದ ಪೊಳ್ಳಿಲೂರಿನ ಕಾಳಗದ ಚಿತ್ರವಿರುವುದು. ಹೈದರಾಲಿಯೂ ಟಿಪ್ಪುವೂ ಕರ್ನಲ್ ಬೇಯ್ಲಿಯ ಸೈನ್ಯವನ್ನು ಮುತ್ತಿ ಸೋಲಿಸಿದ ಸಂದರ್ಭವದು. ಅರಮನೆಯನ್ನು ನೋಡಹೋದವರು ಇದನ್ನು ಹದಿನೆಂಟನೆಯ ಶತಮಾನದ ಕೈಕೆಲಸವೆಂದೇ ಭಾವಿಸಿ ಮೆಚ್ಚಿ ಹಿಂದಿರುಗುವುದು ವಾಡಿಕೆ. ಆದರೆ ಆ ಗೋಡೆಯು ಅನೇಕ ಅವಸ್ಥೆಗಳನ್ನು ಕಂಡುದು. ಚಿತ್ರವು ಒಮ್ಮೆ ಅಳಿಸಲ್ಪಟ್ಟಿತು. ೧೭೯೯ರಲ್ಲಿ ಪಟ್ಟಣವು ಬಿದ್ದ ಬಳಿಕ ಆ ಅರಮನೆಯಲ್ಲಿ ವಾಸಮಾಡಿದ ಕರ್ನಲ್ ವೆಲ್ಲೆಸ್ಲಿಯು ಅದನ್ನು ಸರಿಪಡಿಸಿದನು. ಮತ್ತೆ ಅದು ಕೆಟ್ಟಿತು. ಕಡೆಗೆ ೧೮೫೫ರಲ್ಲಿ ಮೈಸೂರಿಗೆ ಬಂದ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿಯ ಅಪ್ಪಣೆಯಂತೆ, ಮೊದಲಿನ ಚಿತ್ರವನ್ನು ಜ್ಞಾಪಕದಲ್ಲಿಟ್ಟುಕೊಂಡಿದ್ದ ದೇಶೀಯ ಚಿತ್ರಗಾರನೊಬ್ಬನು ಅದನ್ನು ಪುನಃ ಬರೆದನು.

ಆ ಚಿತ್ರಗಾರನು ನಿಷ್ಠೆಯಿಂದಲೇ ಕೆಲಸ ಮಾಡಿರಬೇಕು. ಅವನ ನೆರವಿಲ್ಲದಿದ್ದರೆ ಇಂದು ಆ ಗೋಡೆಯಲ್ಲಿ ಬರಿಯ ಸುಣ್ಣವನ್ನೇ ನೋಡಬೇಕಾಗುತ್ತಿತ್ತು. ಆದರೂ ಅಲ್ಲಿ ಹೊಸದು ಹಳೆಯದರ ಮೇಲೆಯೇ ಕುಳಿತಿತು. ಯಾವ ಕುದುರೆ ೧೭೮೪ರದು, ಯಾವ ಕುದುರೆ ೧೮೫೫ರದು ಎಂದು ಕಣ್ಣಿನಿಂದ ಬೇರ್ಪಡಿಸುವುದು ನೋಡುವವನಿಗೆ ಸಾಧ್ಯವಿಲ್ಲ. ಅದೇ ಕಾಳಗದ ಚಿತ್ರವನ್ನು ಹತ್ತು ಹಾಳೆಗಳ ಮೇಲೆ ಇಳಿಸಿದ, ಹತ್ತೊಂಬತ್ತನೆಯ ಶತಮಾನದ ಆದಿಭಾಗದ್ದೆಂದು ಹೇಳಲಾದ ಪ್ರತಿಯೊಂದು ೨೦೨೨ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಅದು ವಿದ್ವಾಂಸರಿಗೆ ಬೆಲೆಯುಳ್ಳ ಸಾಮಗ್ರಿಯೇ ಸರಿ. ಆದರೆ ಅದೂ ಕೈಯಿಂದ ಬರೆದುದೇ. ಒಂದು ಕೈಯ ಸಾಕ್ಷ್ಯವನ್ನು ಮತ್ತೊಂದು ಕೈಯ ಸಾಕ್ಷ್ಯದಿಂದ ಪರೀಕ್ಷಿಸುವಂತಾಯಿತೇ ಹೊರತು, ಆ ಗೋಡೆಯೇ ತನ್ನ ಪರವಾಗಿ ನುಡಿದ ಸಾಕ್ಷ್ಯವು ಅದರಿಂದ ದೊರೆಯಲಿಲ್ಲ.

ವಸ್ತುವು ತಾನೇ ತನ್ನ ಬೆಳಕಿನಿಂದ ಕಾಗದದ ಮೇಲೆ ಗುರುತನ್ನೊತ್ತುವ ವಿದ್ಯೆಯು ಮೈಸೂರು ಸೀಮೆಗೆ ಬಂದುದು ಹೆಚ್ಚು ಕಡಿಮೆ ಅದೇ ಸಮಯದಲ್ಲಿ. ಮದರಾಸಿನ ಸೈನ್ಯದ ಅಧಿಕಾರಿಯಾಗಿದ್ದ ಲಿನೀಯಸ್ ಟ್ರೈಪ್ ಎಂಬಾತನು ೧೮೫೪ರ ಡಿಸೆಂಬರಿನಲ್ಲಿ ಬೇಲೂರು ಹಳೇಬೀಡುಗಳ ಕಡೆಗೆ ಸಂಚಾರ ಹೊರಟು ಅಲ್ಲಿನ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದನು. ಮುಂದಿನ ವರ್ಷ ಮದರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಅವನು ೬೮ ಚಿತ್ರಗಳನ್ನಿಟ್ಟು ಪ್ರಶಂಸೆಯನ್ನು ಪಡೆದನು. ದರಿಯಾ ದೌಲತ್ತಿನಲ್ಲಿ ನೆನಪಿನಿಂದ ಕಾಳಗವನ್ನು ಬರೆದ ಚಿತ್ರಗಾರನೂ, ಹಳೇಬೀಡಿನಲ್ಲಿ ಬಿಸಿಲಿಗೆ ಕಾಗದವನ್ನೊಡ್ಡಿದ ಈ ಸೈನಿಕನೂ ಒಂದೇ ಕಾಲದವರೆಂಬುದು ಗಮನಿಸತಕ್ಕ ವಿಷಯ. ಒಂದು ಯುಗದ ಮುಕ್ತಾಯವೂ ಮತ್ತೊಂದರ ಆರಂಭವೂ ಒಂದೇ ಸೀಮೆಯಲ್ಲಿ ಎದುರುಬದುರಾಗಿ ನಿಂತಂತಾಯಿತು.

ಆಗಿನ ಛಾಯಾಚಿತ್ರ ವಿದ್ಯೆಯು ಎಷ್ಟು ಶ್ರಮದ್ದೆಂಬುದನ್ನು ತಿಳಿಯದೆ ಆ ಚಿತ್ರಗಳ ಯೋಗ್ಯತೆಯನ್ನು ಅಳೆಯಲಾಗದು. ಇಂಗ್ಲೆಂಡಿನ ಟಾಲ್ಬಟ್ ಎಂಬಾತನು ಕಾಗದದ ಮೇಲೆ ವಿಲೋಮಚಿತ್ರವನ್ನು, ಎಂದರೆ ಬಿಳಿದು ಕರಿದಾಗಿಯೂ ಕರಿದು ಬಿಳಿದಾಗಿಯೂ ಕಾಣುವ ಮೂಲವನ್ನು, ಪಡೆಯುವ ಕ್ರಮಕ್ಕೆ ೧೮೪೧ರಲ್ಲಿ ಹಕ್ಕುಪತ್ರವನ್ನು ಪಡೆದನು. ಒಂದು ಮೂಲದಿಂದ ಬೇಕಾದಷ್ಟು ಪ್ರತಿಗಳನ್ನು ಮಾಡಬಹುದಾಗಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತನು ೧೮೫೧ರಲ್ಲಿ ಇದನ್ನು ಸುಧಾರಿಸಿ, ಕಾಗದಕ್ಕೆ ಮೊದಲೇ ಮೇಣವನ್ನು ಕುಡಿಸುವ ಉಪಾಯವನ್ನು ಪ್ರಕಟಿಸಿದನು. ಗಾಜಿನ ಫಲಕದ ಮೇಲೆ ಒದ್ದೆಯ ಲೇಪವನ್ನು ಹಚ್ಚುವ ಕ್ರಮದಲ್ಲಿ ಆ ಲೇಪವು ಒಣಗುವುದರೊಳಗೆ ಚಿತ್ರವನ್ನು ತೆಗೆದು ತೊಳೆದು ಮುಗಿಸಬೇಕು. ಹೋದಲ್ಲೆಲ್ಲ ಕತ್ತಲ ಗುಡಾರವೂ ಜೊತೆಗೆ ಬರಬೇಕು. ಮೇಣದ ಕಾಗದವಾದರೋ ಹಲವು ದಿನ ಮುಂಚೆಯೇ ಸಿದ್ಧಪಡಿಸಬಹುದಾದುದು. ಚಿತ್ರವನ್ನು ತೆಗೆದ ಮೇಲೆಯೂ ಕೆಲವು ದಿನ ಕಳೆದು ಬಿಡಾರದಲ್ಲಿ ತೊಳೆಯಬಹುದಾದುದು. ರೈಲಿಲ್ಲದ, ಸರಿಯಾದ ದಾರಿಯಿಲ್ಲದ ದೂರದ ಸ್ಥಳಗಳಿಗೆ ಎತ್ತಿನ ಗಾಡಿಯಲ್ಲಿ ಸಾಗುವವನಿಗೆ ಇದಕ್ಕಿಂತ ಅನುಕೂಲವಾದ ಕ್ರಮವಿರಲಿಲ್ಲ. ಮೂಲದಷ್ಟೇ ಗಾತ್ರದ ಪ್ರತಿಯು ಮಾತ್ರ ಬರುತ್ತಿದ್ದುದರಿಂದ, ದೊಡ್ಡ ಚಿತ್ರವು ಬೇಕಾದರೆ ಅಷ್ಟೇ ದೊಡ್ಡ ಪೆಟ್ಟಿಗೆಯನ್ನು ಹೊರಿಸಿಕೊಂಡು ಹೋಗಬೇಕಾಗಿತ್ತು.

ಈ ಕ್ರಮಕ್ಕೆ ಎರಡು ದೋಷಗಳಿದ್ದುವು. ಎರಡೂ ಮುಂದಿನ ವಿಚಾರಕ್ಕೆ ಬೇಕಾದವು. ಕಾಗದವು ಬೆಳಕನ್ನು ನಿಧಾನವಾಗಿ ಹೀರುತ್ತಿದ್ದುದರಿಂದ ಹಲವು ನಿಮಿಷಗಳ ಕಾಲ ಮಸೂರವನ್ನು ತೆರೆದಿಡಬೇಕಾಗಿತ್ತು. ಆ ಅವಧಿಯಲ್ಲಿ ನಡೆದಾಡುವ ಮನುಷ್ಯನಾಗಲಿ ಮೇಯುವ ದನವಾಗಲಿ ಚಿತ್ರದಲ್ಲಿ ಮೂಡುತ್ತಿರಲಿಲ್ಲ. ಕಲ್ಲು ಉಳಿಯುತ್ತಿತ್ತು, ಜನರು ಅಳಿಯುತ್ತಿದ್ದರು. ಎರಡನೆಯದಾಗಿ, ಆ ಕಾಗದವು ನೀಲಿಯ ಬಣ್ಣಕ್ಕೆ ಮಾತ್ರ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವು ಮೋಡಗಳ ಸುಳಿವಿಲ್ಲದೆ ಬರಿಯ ಬಿಳುಪಾಗಿ ಬರುತ್ತಿತ್ತು, ಕೆಲವೆಡೆ ಕಲೆಕಲೆಯಾಗಿಯೂ ಕಾಣುತ್ತಿತ್ತು. ಇದನ್ನು ಮರೆಮಾಡಲು ವಿಲೋಮಚಿತ್ರದ ಆಕಾಶಭಾಗಕ್ಕೆ ಮಸಿಯನ್ನು ಬಳಿಯುವುದು ರೂಢಿಯಾಗಿತ್ತು. ಟ್ರೈಪನು ಇನ್ನೂ ಮುಂದೆ ಹೋಗಿ, ೧೮೫೫ರಲ್ಲಿ ಬರ್ಮಾ ದೇಶದಲ್ಲಿ ತೆಗೆದ ಮೂಲಗಳ ಮೇಲೆ ಕುಂಚದಿಂದ ಮೋಡಗಳನ್ನೂ ಮರದ ಎಲೆಗಳನ್ನೂ ಬರೆದು ಸೇರಿಸಿದನು. ಆದುದರಿಂದ ಚಿತ್ರವನ್ನು ತಿದ್ದುವ ಚಾಪಲ್ಯವು ಈ ಯಂತ್ರಯುಗದಲ್ಲಿ ಹುಟ್ಟಿದುದೆಂದು ಹೇಳುವುದು ಸರಿಯಲ್ಲ. ಛಾಯಾಚಿತ್ರವೂ ಅದರ ತಿದ್ದುಪಡಿಯೂ ಅವಳಿ ಮಕ್ಕಳಂತೆ ಕೂಡಿಯೇ ಬೆಳೆದುವು.

ಇಂತಹ ಚಿತ್ರಗಳಿಂದ ಪುರಾತನ ಕಟ್ಟಡಗಳ ವಿವರವು ಅಗ್ಗವಾಗಿಯೂ ಯಥಾರ್ಥವಾಗಿಯೂ ದೊರೆಯುವುದೆಂದು ಕಂಡ ಕುಂಪಣಿ ಸರ್ಕಾರದವರು ೧೮೫೫ರಲ್ಲಿ ನಕ್ಷೆಗಾರರಿಗೆ ಬದಲಾಗಿ ಛಾಯಾಚಿತ್ರವನ್ನು ಬಳಸಬೇಕೆಂದು ಸಲಹೆಯಿತ್ತರು. ಬೊಂಬಾಯಿಯ ಆಧಿಪತ್ಯದಲ್ಲಿ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬಾತನು ಆ ವರ್ಷ ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಸಂಚರಿಸಿದನು. ಅವನು ಸೈನ್ಯದ ಕೆಲಸಕ್ಕೆ ಹಿಂದಿರುಗಬೇಕಾಗಿ ಬಂದಾಗ ವೈದ್ಯನಾದ ವಿಲಿಯಂ ಹೆನ್ರಿ ಪಿಗೂ ಎಂಬಾತನು ಧಾರವಾಡ ಮತ್ತು ಮೈಸೂರು ಸೀಮೆಗಳಲ್ಲಿ ಆ ಕಾರ್ಯವನ್ನು ಮುಂದುವರಿಸಿದನು. ಮೈಸೂರಿನಲ್ಲಿ ಅಧಿಕಾರಿಯಾಗಿದ್ದ ಓಕ್ಲಿಯು ಹಳೇಬೀಡಿನ ದೇವಾಲಯವೊಂದರ ಚಿತ್ರಗಳನ್ನೇ ಕೂಡಿಸಿ ೧೮೫೯ರಲ್ಲಿ ಒಂದು ಗ್ರಂಥವನ್ನು ಹೊರಡಿಸಿದನು. ೧೮೬೬ರಲ್ಲಿ ಧಾರವಾಡ ಮೈಸೂರುಗಳ ವಾಸ್ತುವನ್ನು ಕುರಿತ ದೊಡ್ಡ ಸಂಪುಟವು ಲಂಡನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ಪಿಗೂ, ನೀಲ್, ಬಿಗ್ಸ್ ಇವರುಗಳ ಚಿತ್ರಗಳೂ, ಸುರಪುರದ ಇತಿಹಾಸದಿಂದ ಕನ್ನಡಿಗರಿಗೆ ಪರಿಚಿತನಾದ ಮೆಡೋಸ್ ಟೇಲರನ ಬರಹವೂ, ಜೇಮ್ಸ್ ಫರ್ಗ್ಯುಸನ್ನನ ವಾಸ್ತುವಿವರಣೆಯೂ ಇದ್ದುವು.

ಈ ಚಿತ್ರಗಳಿಂದಾದ ಪ್ರಯೋಜನಕ್ಕೆ ಹಳೇಬೀಡಿನ ಕೇದಾರೇಶ್ವರ ದೇವಾಲಯವನ್ನು ನೋಡಬಹುದು. ಅದರ ವಿಮಾನದ ಕಲ್ಲುಗಳ ಸಂದಿನಲ್ಲಿ ಆಲದ ಮರವೊಂದು ಬೇರೂರಿ, ವರ್ಷವರ್ಷಕ್ಕೂ ಕಲ್ಲುಗಳನ್ನು ಅಗಲಿಸುತ್ತ ಹೋಯಿತು. ಕಡೆಗೆ ವಿಮಾನವು ಬಿದ್ದಿತು. ಮೊದಲಿನ ಛಾಯಾಚಿತ್ರಗಾರರು ಬಂದಾಗ ಗಿಡಬಳ್ಳಿಗಳು ಮುಸುಕಿದ್ದರೂ ಅದು ನಿಂತೇ ಇದ್ದಿತು. ಇಂದು ಆ ವಿಮಾನದ ಆಕಾರವನ್ನು ತಿಳಿಯಬೇಕಾದವನಿಗೆ ಆ ಚಿತ್ರವೇ ಶರಣು. ಬೇಲೂರಿನ ಕೇಶವ ದೇವಾಲಯದ ಗರ್ಭಗೃಹದ ಮೇಲಿದ್ದ ಗೋಪುರವೂ ಹೀಗೆಯೇ ಕಣ್ಮರೆಯಾದುದು. ಕೆಳಗಿನ ಕಟ್ಟಡಕ್ಕೆ ಭಾರವಾದೀತೆಂದು ಅದನ್ನು ೧೮೭೯ರಲ್ಲಿ ಇಳಿಸಿಬಿಟ್ಟರು. ಹಾಗಾದುದರಿಂದಲೇ ೧೮೭೯ಕ್ಕೆ ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಬೇರೆ ಬೇರೆ ಬೆಲೆಯುಂಟು.

ಅದೇ ಹಳೇಬೀಡಿನಲ್ಲಿ ಎರಡನೆಯ ದಾರಿಗೂ, ಎಂದರೆ ಊಹೆಯಿಂದ ತುಂಬುವ ದಾರಿಗೂ, ನಿದರ್ಶನವಿರುವುದು. ಹೊಯ್ಸಳೇಶ್ವರ ದೇವಾಲಯಕ್ಕೆ ಶಿಖರಗಳಿಲ್ಲ. ಫರ್ಗ್ಯುಸನ್ನನು ೧೮೭೬ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುವಿನ ಇತಿಹಾಸದಲ್ಲಿ, ಆ ದೇವಾಲಯವು ಸಂಪೂರ್ಣವಾಗಿದ್ದರೆ ಹೇಗೆ ಕಾಣುತ್ತಿತ್ತೆಂಬುದನ್ನು ತೋರಿಸುವ ಒಂದು ಮರದಚ್ಚಿನ ಚಿತ್ರವನ್ನು ಕೊಟ್ಟನು. ಅವನ ವಿದ್ವತ್ತು ಘನವಾದುದು, ಊಹೆಯೂ ನಿರಾಧಾರವಾದುದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಪುನಾರಚಿಸಿದ ದೃಶ್ಯವೆಂದು ಚಿತ್ರದ ಕೆಳಗೇ ಬರೆದನು. ಅನುಮಾನವನ್ನು ಅನುಮಾನವೆಂದು ಹೇಳಿದ ಮೇಲೆ ದೋಷವಿಲ್ಲ. ಆ ಒಂದು ಸಾಲನ್ನು ಕತ್ತರಿಸಿ ಚಿತ್ರವನ್ನು ಮಾತ್ರ ಉಳಿಸಿಕೊಂಡರೆ, ಎಂದೂ ಯಾರೂ ಕಾಣದ ಕಟ್ಟಡಕ್ಕೆ ಸಾಕ್ಷಿಯು ಹುಟ್ಟಿಕೊಳ್ಳುವುದು. ಸತ್ಯಕ್ಕೂ ಭ್ರಾಂತಿಗೂ ನಡುವೆ ಎಷ್ಟೋ ವೇಳೆ ಇರುವುದು ಅಂತಹ ಒಂದು ಸಾಲು ಮಾತ್ರವೇ.

ಇನ್ನು ಮೂರನೆಯ ದಾರಿಯ ವಿಚಾರ. ಇದಕ್ಕೆ ಹಳೇಬೀಡನ್ನು ಬಿಟ್ಟು ತುಂಗಭದ್ರೆಯ ತೀರಕ್ಕೆ ಹೋಗಬೇಕು. ೧೫೬೫ರ ಯುದ್ಧದ ಬಳಿಕ ಹಾಳುಬಿದ್ದ ವಿಜಯನಗರದ ಕ್ಷೇತ್ರವನ್ನು ಕಾಲಿನ್ ಮೆಕೆಂಝಿಯು ೧೭೯೯ರಲ್ಲಿ ಅಳೆದು ನಕ್ಷೆಯನ್ನು ಬರೆಸಿದನು. ಅದಾದ ಅರ್ಧ ಶತಮಾನಕ್ಕೂ ಮಿಗಿಲಾದ ಕಾಲದ ಮೇಲೆ, ೧೮೫೬ರಲ್ಲಿ, ಮದರಾಸಿನ ಸೈನ್ಯದ ಅಧಿಕಾರಿಯಾದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು ತನ್ನ ಭಾರಿಯ ಪೆಟ್ಟಿಗೆಯೊಡನೆ ಹಂಪೆಗೆ ಬಂದನು. ಅವನ ಮೇಣಗಾಗದದ ಮೂಲಗಳು ಸುಮಾರು ೧೬ ಅಂಗುಲಕ್ಕೆ ೧೮ ಅಂಗುಲದಷ್ಟು ದೊಡ್ಡವು. ಬಂಡೆಗಳ ರಾಶಿಯ ನಡುವೆ, ಮುಳ್ಳುಪೊದೆಗಳನ್ನು ದಾಟಿ, ಅವನು ತೆಗೆದ ಚಿತ್ರಗಳಲ್ಲಿ ಸುಮಾರು ೬೦ ಉಳಿದುಬಂದಿರುವುವು. ವಿರೂಪಾಕ್ಷನ ಗೋಪುರ, ವಿಠ್ಠಲ ದೇವಾಲಯದ ಪ್ರಾಕಾರ, ಅರಮನೆಯ ಆವರಣದ ಕಟ್ಟಡಗಳು, ಇವೆಲ್ಲ ಅವುಗಳಲ್ಲಿ ಮೂಡಿರುವುವು.

ಗ್ರೀನ್‌ಲಾ ೧೮೭೦ರಲ್ಲಿ ಮೃತನಾದನು. ಅವನ ಚಿತ್ರಗಳು ಇಂಗ್ಲೆಂಡಿನಲ್ಲಿ ಖಾಸಗಿಯವರ ಸಂಗ್ರಹದಲ್ಲಿ ಬಹುಕಾಲ ಅಜ್ಞಾತವಾಸವನ್ನು ಕಳೆದು, ೧೯೮೦ರಲ್ಲಿ ಬೆಳಕಿಗೆ ಬಂದುವು. ಮುಂದೆ ಅವು ಅಲ್ಕಾಝಿ ಛಾಯಾಚಿತ್ರ ಸಂಗ್ರಹಕ್ಕೆ ಸೇರಿದುವು. ಆ ಸಂಗ್ರಹದ ಚಿತ್ರಗಳನ್ನಾಧರಿಸಿ ಜಾರ್ಜ್ ಮಿಶೆಲ್ಲರು ಸಂಪಾದಿಸಿದ ಗ್ರಂಥವು ೨೦೦೮ರಲ್ಲಿ ಹೊರಬಂದಿತು. ಹಂಪೆಯನ್ನು ಕುರಿತು ಮೊದಲಿನ ವಿದ್ವಾಂಸರು ಬರೆದಾಗ, ಎಂದರೆ ೧೯೦೦ರಲ್ಲಿ ರಾಬರ್ಟ್ ಸಿವೆಲ್ ತನ್ನ ಗ್ರಂಥವನ್ನೂ ೧೯೧೭ರಲ್ಲಿ ಲಾಂಗ್‌ಹರ್ಸ್ಟ್ ತನ್ನ ಗ್ರಂಥವನ್ನೂ ಪ್ರಕಟಿಸಿದಾಗ ಪ್ರಚಾರದಲ್ಲಿಲ್ಲದ ಸಾಕ್ಷ್ಯವು ಹೀಗೆ ನಮ್ಮ ಕಾಲದವರಿಗೆ ಲಭಿಸಿತು.

ಮಿಶೆಲ್ಲರೂ ಜಾನ್ ಫ್ರಿಟ್ಜರೂ ೧೯೮೦ರ ದಶಕದಲ್ಲಿ ಹಂಪೆಯ ಅವಶೇಷಗಳನ್ನು ಒಂದೊಂದಾಗಿ ಅಳೆದು ದಾಖಲಿಸುವ ಕಾರ್ಯದಲ್ಲಿ ತೊಡಗಿದ್ದರು. ಆಸ್ಟ್ರೇಲಿಯಾದ ಛಾಯಾಚಿತ್ರಗಾರರಾದ ಜಾನ್ ಗೋಲಿಂಗ್ಸ್‌ರು ಅವರೊಡನೆ ಕೂಡಿಕೊಂಡರು. ೧೯೮೩ರಲ್ಲಿ ಗೋಲಿಂಗ್ಸ್‌ರು ಗ್ರೀನ್‌ಲಾನ ಚಿತ್ರಗಳನ್ನು ಮುಂದಿಟ್ಟುಕೊಂಡು, ಅವನು ೧೨೭ ವರ್ಷಗಳ ಹಿಂದೆ ಪೆಟ್ಟಿಗೆಯನ್ನಿಟ್ಟಿದ್ದ ಸ್ಥಳಗಳನ್ನೇ ಹುಡುಕಿ, ಅದೇ ದೃಶ್ಯಗಳನ್ನು ಮತ್ತೆ ತೆಗೆದರು. ಹಳೆಯ ಮೂಲಗಳ ಮೇಲೆ ಒಂದು ಗೆರೆಯನ್ನೂ ಎಳೆಯದೆ ನಡೆದ ಜೀರ್ಣೋದ್ಧಾರವಿದು.

ಸ್ಥಳವನ್ನು ಹುಡುಕುವ ಬಗೆಯು ಸರಳವಾದರೂ ತಾಳ್ಮೆಯನ್ನು ಬೇಡುವುದು. ಚಿತ್ರದಲ್ಲಿ ಹತ್ತಿರದ ಬಂಡೆಯ ಅಂಚು ದೂರದ ಗೋಪುರದ ಯಾವ ಅಂತಸ್ತನ್ನು ಮುಟ್ಟುವುದೆಂದು ಮೊದಲು ಗುರುತಿಸಬೇಕು. ನೋಡುವವನು ಒಂದಡಿ ಎಡಕ್ಕೆ ಸರಿದರೆ ಗೋಪುರವು ಬಂಡೆಯ ಮರೆಗೆ ಹೋಗುವುದು. ಒಂದಡಿ ಬಲಕ್ಕೆ ಸರಿದರೆ ಎರಡಕ್ಕೂ ನಡುವೆ ಆಕಾಶವು ಕಾಣಿಸಿಕೊಳ್ಳುವುದು. ಇಂತಹ ಎರಡು ಮೂರು ಜೋಡಿಗಳು ಏಕಕಾಲದಲ್ಲಿ ಚಿತ್ರದಲ್ಲಿದ್ದಂತೆಯೇ ಕೂಡಿಬಂದಲ್ಲಿ, ಮೊದಲಿನವನು ನಿಂತ ನೆಲವು ಅದೇ. ನೆರಳು ಬೀಳುವ ಕೋನವು ಹೊತ್ತನ್ನೂ ಋತುವನ್ನೂ ಸೂಚಿಸುವುದು. ಮರವು ಬೆಳೆಯುವುದು, ಗೋಡೆಯು ಬೀಳುವುದು, ದಾರಿಯು ತಿರುಗುವುದು. ಹಂಪೆಯ ಕರಿಗಲ್ಲಿನ ಗುಂಡುಗಳಾದರೋ ನೂರಿಪ್ಪತ್ತು ವರ್ಷಗಳಲ್ಲಿ ಕದಲುವಂತಹವಲ್ಲ. ಆದುದರಿಂದ ಈ ವಿದ್ಯೆಗೆ ಹಂಪೆಗಿಂತ ಯೋಗ್ಯವಾದ ಕ್ಷೇತ್ರವು ಅಪರೂಪ.

ತರ್ಕಶಾಸ್ತ್ರವನ್ನು ಓದಿದವರಿಗೆ ಪ್ರತ್ಯಭಿಜ್ಞೆಯೆಂಬ ಪದವು ಪರಿಚಿತವೇ. ಹಿಂದೊಮ್ಮೆ ನೋಡಿದ ದೇವದತ್ತನನ್ನು ಮತ್ತೊಂದು ಊರಿನಲ್ಲಿ ಮತ್ತೊಂದು ಕಾಲದಲ್ಲಿ ಕಂಡಾಗ, ಆ ದೇವದತ್ತನೇ ಈತನೆಂದು ಹುಟ್ಟುವ ಜ್ಞಾನವದು. ಅದರಲ್ಲಿ ಸ್ಮೃತಿಯೂ ಉಂಟು, ಪ್ರತ್ಯಕ್ಷವೂ ಉಂಟು. ಕೇವಲ ಸ್ಮೃತಿಯಾದರೆ ಅದು ದರಿಯಾ ದೌಲತ್ತಿನ ಚಿತ್ರಗಾರನ ಕೆಲಸದಂತಾಗುವುದು. ಕೇವಲ ಪ್ರತ್ಯಕ್ಷವಾದರೆ ಇಂದಿನ ಪ್ರವಾಸಿಗನು ತೆಗೆದುಕೊಂಡು ಹೋಗುವ ಚಿತ್ರದಂತಾಗುವುದು. ಎರಡೂ ಒಂದೇ ಬಿಂದುವಿನಲ್ಲಿ ಕೂಡಿದಾಗಲೇ, ಉಳಿದುದು ಯಾವುದು, ಹೋದುದು ಯಾವುದು, ಹೊಸದಾಗಿ ಬಂದುದು ಯಾವುದು ಎಂಬ ವಿವೇಕವು ಮೂಡುವುದು.

ಈ ವಿವೇಕದ ಫಲವನ್ನು ವಿಠ್ಠಲ ದೇವಾಲಯದ ಅಂಗಳದಲ್ಲಿ ಚೆನ್ನಾಗಿ ಕಾಣಬಹುದು. ಅಲ್ಲಿನ ಕಲ್ಲಿನ ರಥವೆಂಬುದು ವಾಸ್ತವವಾಗಿ ಗರುಡನ ಗುಡಿ. ರಿಸರ್ವ್ ಬ್ಯಾಂಕು ೨೦೧೭ರಲ್ಲಿ ಹೊರಡಿಸಿದ ೫೦ ರೂಪಾಯಿನ ನೋಟಿನ ಹಿಂಬದಿಯಲ್ಲಿ ಅದರ ಚಿತ್ರವಿರುವುದರಿಂದ, ಹಂಪೆಯನ್ನು ನೋಡದವರ ಜೇಬಿನಲ್ಲಿಯೂ ಆ ರಥವು ಸಂಚರಿಸುವುದು. ನೋಟಿನಲ್ಲಿ ಕಾಣುವಂತೆ ಮೇಲ್ಭಾಗವು ಚಪ್ಪಟೆಯಾಗಿರುವ ಅದರ ಆಕಾರವನ್ನು ಜನರು ವಿಜಯನಗರದ ಅರಸರ ಕಾಲದಿಂದ ಬಂದ ಆಕಾರವೆಂದೇ ತಿಳಿದಿರುವರು. ಗ್ರೀನ್‌ಲಾನ ಚಿತ್ರದಲ್ಲಿಯಾದರೋ ಆ ಗುಡಿಯ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿರುವುದು. ಆ ಶಿಖರವು ಮುಂದೆ ತೆಗೆಯಲ್ಪಟ್ಟಿತು. ಗೋಲಿಂಗ್ಸ್‌ರು ೧೯೮೩ರಲ್ಲಿ ಅದೇ ಸ್ಥಳದಲ್ಲಿ ನಿಂತಾಗ ಅಲ್ಲಿದ್ದುದು ಶಿಖರವಿಲ್ಲದ ರಥ. ಗುಡಿಯ ಮುಂದಿನ ಎರಡು ಆನೆಗಳ ಕಥೆಯೂ ಇಂತಹುದೇ. ಅವು ಮೂಲದಲ್ಲಿ ಅಲ್ಲಿದ್ದವಲ್ಲ. ಅವುಗಳ ಹಿಂದೆ ಕಲ್ಲಿನಲ್ಲಿ ಉಳಿದಿರುವ ಹಿಂಗಾಲು ಬಾಲಗಳ ಗುರುತು, ಮೊದಲು ಆ ರಥವನ್ನೆಳೆಯುವಂತೆ ಕಡೆದಿದ್ದುದು ಕುದುರೆಗಳನ್ನೆಂದು ತಿಳಿಸುವುದು.

ಹೀಗೆ ಕೋಟ್ಯಂತರ ಜನರ ಕೈಯಲ್ಲಿ ಓಡಾಡುವ ಚಿತ್ರವು ಸುಳ್ಳಲ್ಲ. ಆದರೆ ಅದು ಒಂದು ಕಾಲದ ನಿಜ ಮಾತ್ರ. ೧೮೫೬ರ ಚಿತ್ರವು ಇನ್ನೊಂದು ಕಾಲದ ನಿಜ. ಶಿಖರವನ್ನು ಮತ್ತೆ ಕಟ್ಟಬೇಕೆಂಬ ವಾದಕ್ಕೆ ಇದು ಆಧಾರವಾಗಬೇಕಾಗಿಲ್ಲ. ಶಿಖರವಿದ್ದಿತೆಂಬ ತಿಳಿವು ಅಳಿಯಬಾರದೆಂಬುದಷ್ಟೇ ಇಲ್ಲಿನ ತಾತ್ಪರ್ಯ. ಯಾವನೋ ಒಬ್ಬ ರಸಿಕನು ಆ ಕಾಗದದ ಮೂಲವನ್ನು ಕೈಗೆ ತೆಗೆದುಕೊಂಡು, ಕಲ್ಲಿನ ಅಂದಕ್ಕೆ ಇಟ್ಟಿಗೆಯ ಗೂಡು ಕುಂದೆಂದು ಭಾವಿಸಿ, ಆಕಾಶಕ್ಕೆ ಮಸಿ ಬಳಿಯುವಾಗ ಅದರ ಮೇಲೆಯೂ ಕುಂಚವನ್ನಾಡಿಸಿದ್ದರೆ, ಚಿತ್ರವು ನಿಸ್ಸಂದೇಹವಾಗಿ ಹೆಚ್ಚು ಸುಂದರವಾಗುತ್ತಿತ್ತು. ಅದರೊಡನೆ ಆ ಶಿಖರವು ಎರಡನೆಯ ಸಲ, ಮರಳಿ ಬಾರದಂತೆ, ಬಿದ್ದುಹೋಗುತ್ತಿತ್ತು.

ಹಳೆಯ ಚಿತ್ರವನ್ನು ನಂಬುವುದರಲ್ಲಿಯೂ ಒಂದು ಎಚ್ಚರಿಕೆಯು ಬೇಕು. ನಡೆದಾಡುವವರು ಮೇಣಗಾಗದದ ಮೇಲೆ ಮೂಡುತ್ತಿರಲಿಲ್ಲವೆಂದು ಮೇಲೆ ಹೇಳಿದೆಯಷ್ಟೆ. ಆದುದರಿಂದ ಅಂತಹ ಚಿತ್ರಗಳನ್ನು ನೋಡಿದವರಿಗೆ ಹಂಪೆಯು ಜನಶೂನ್ಯವಾದ ಹಾಳೂರೆಂಬ ಭಾವನೆಯು ಸಹಜವಾಗಿ ಉಂಟಾಗುವುದು. ವಿರೂಪಾಕ್ಷನ ಪೂಜೆಯು ಮಾತ್ರ ನಿಂತುಹೋಗಲಿಲ್ಲ. ಯಾತ್ರಿಕರು ಬರುತ್ತಲೇ ಇದ್ದರು. ಗದ್ದೆಗಳಿಗೆ ವಿಜಯನಗರದ ಕಾಲುವೆಗಳ ನೀರು ಹರಿಯುತ್ತಲೇ ಇದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಕಲ್ಲುಮಂಟಪಗಳನ್ನು ಆಶ್ರಯಿಸಿ ಅನೇಕ ಸಂಸಾರಗಳು ಮನೆ ಅಂಗಡಿಗಳನ್ನು ಮಾಡಿಕೊಂಡಿದ್ದುವು. ಹಂಪೆಯ ಸ್ಮಾರಕಗಳು ೧೯೮೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ೧೯೯೯ರಿಂದ ೨೦೦೬ರವರೆಗೆ ಅಪಾಯದಲ್ಲಿರುವ ಕ್ಷೇತ್ರಗಳ ಪಟ್ಟಿಯಲ್ಲಿಯೂ ಇದ್ದುವು. ೨೦೧೧ರ ಜುಲೈ ತಿಂಗಳಿನಲ್ಲಿ ಬಜಾರಿನ ಮನೆ ಅಂಗಡಿಗಳು ಕೆಡಹಲ್ಪಟ್ಟು ಅಲ್ಲಿದ್ದವರು ಬೇರೆಡೆಗೆ ಹೋಗಬೇಕಾಯಿತು.

ಮಂಟಪಗಳ ರಕ್ಷಣೆಯು ಆವಶ್ಯಕವೆಂಬುದನ್ನು ಯಾರೂ ಅಲ್ಲಗಳೆಯರು. ಜನರ ಬದುಕಿಗೆ ಎಷ್ಟು ಸ್ಥಾನ, ಕಲ್ಲಿನ ಬದುಕಿಗೆ ಎಷ್ಟು ಸ್ಥಾನ ಎಂಬುದು ಬೇರೆ ಬೇರೆ ಪ್ರಮಾಣಗಳಿಂದ ನಿರ್ಣಯವಾಗತಕ್ಕುದು. ಆದರೆ ಹಳೆಯ ಚಿತ್ರದಲ್ಲಿ ಮನುಷ್ಯರು ಕಾಣುವುದಿಲ್ಲ, ಆದುದರಿಂದ ಮನುಷ್ಯರಿಲ್ಲದ ಹಂಪೆಯೇ ನಿಜವಾದ ಹಂಪೆ ಎಂಬ ವಾದವು ಮಾತ್ರ ನಿಲ್ಲದು. ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಭೇದವುಂಟು. ಬಜಾರೇ ಖಾಲಿಯಾಗಿದ್ದಿತೋ, ಮಸೂರವು ನಿಧಾನವಾದುದೋ ಎಂಬುದನ್ನು ವಿಚಾರಿಸದೆ ಚಿತ್ರವನ್ನು ಪ್ರಮಾಣವಾಗಿ ತೆಗೆದುಕೊಳ್ಳಲಾಗದು. ತಿದ್ದದ ಚಿತ್ರವೂ, ಅದು ಹುಟ್ಟಿದ ಬಗೆಯನ್ನು ತಿಳಿಯದವನನ್ನು ದಾರಿತಪ್ಪಿಸಬಲ್ಲುದು.

ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯವರು ಈ ವಿಷಯದಲ್ಲಿ ಒಳ್ಳೆಯ ಪದ್ಧತಿಯೊಂದನ್ನು ಬೆಳೆಸಿದರು. ಆರ್. ನರಸಿಂಹಾಚಾರ್ಯರು ೧೯೦೬ರಿಂದ ೧೯೨೨ರವರೆಗೆ ಇಲಾಖೆಯ ಮುಖ್ಯಸ್ಥರಾಗಿದ್ದಾಗ, ಹಳ್ಳಿಹಳ್ಳಿಗಳನ್ನು ಸುತ್ತಿ ಶಾಸನಗಳನ್ನು ಓದಿಸಿದುದಲ್ಲದೆ ದೇವಾಲಯಗಳ ಛಾಯಾಚಿತ್ರಗಳನ್ನೂ ವಾರ್ಷಿಕ ವರದಿಗಳಲ್ಲಿ ಸೇರಿಸಿದರು. ಅವರು ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು ೧೯೧೭ರಲ್ಲಿ ಪ್ರತ್ಯೇಕವಾದ ಗ್ರಂಥವನ್ನೇ ಬರೆದರು. ಎಂ. ಹೆಚ್. ಕೃಷ್ಣ ಅವರ ಕಾಲದಲ್ಲಿಯೂ ಈ ಸಂಪ್ರದಾಯವು ಮುಂದುವರಿಯಿತು. ಚಿತ್ರವೂ, ಅದರ ಕೆಳಗೆ ಊರಿನ ಹೆಸರೂ, ಪಕ್ಕದ ಪುಟದಲ್ಲಿ ವಿವರಣೆಯೂ ಒಟ್ಟಿಗಿರುವ ಆ ವರದಿಗಳನ್ನು ಹಿಡಿದುಕೊಂಡು ಹೋದರೆ, ಇಂದಿಗೂ ದೇವಾಲಯದ ಮುಂದೆ ನಿಂತು ಕಲ್ಲು ಕಲ್ಲನ್ನು ಹೋಲಿಸಬಹುದು.

ನಿಲ್ಲುವ ನೆಲವೇ ಇಲ್ಲವಾದರೆ ಹೋಲಿಸುವುದೆಂತು? ಇದಕ್ಕೂ ಮಂಡ್ಯದ ಜಿಲ್ಲೆಯಲ್ಲಿಯೇ ಉದಾಹರಣೆಯಿರುವುದು. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯ ಕೆಲಸದಿಂದ ಹಳೆಯ ಕನ್ನಂಬಾಡಿಯು ಮುಳುಗಿತು. ಅಲ್ಲಿನ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ದೇವಾಲಯವೂ ನೀರಿನೊಳಗೆ ಸೇರಿತು. ಮಳೆಯಿಲ್ಲದ ವರ್ಷಗಳಲ್ಲಿ ನೀರಿಳಿದಾಗ ಜನರು ಹೋಗಿ ಅದನ್ನು ನೋಡಿ ಬರುತ್ತಿದ್ದರು. ಈ ಶತಮಾನದಲ್ಲಿ ಅದರ ಕಲ್ಲುಗಳನ್ನು ಬಿಚ್ಚಿ, ಸಂಖ್ಯೆಗಳನ್ನು ಹಾಕಿ, ದಡದ ಮೇಲೆ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ದೇವಾಲಯವು ಉಳಿಯಿತು, ಅದನ್ನು ಸುತ್ತುವರಿದಿದ್ದ ಊರು, ಹೊಳೆಯ ದಂಡೆ, ತೋಪು, ದಾರಿ ಇವು ಉಳಿಯಲಿಲ್ಲ. ಅವುಗಳನ್ನು ತೋರಿಸುವ ಹಳೆಯ ಚಿತ್ರವೊಂದು ಯಾರ ಮನೆಯಲ್ಲಿಯಾದರೂ ಇದ್ದರೆ, ಅದಕ್ಕೆ ಜೋಡಿಯಾಗಿ ಎರಡನೆಯ ಚಿತ್ರವನ್ನು ತೆಗೆಯಲು ಗೋಲಿಂಗ್ಸ್‌ರಿಂದಲೂ ಆಗದು. ಜೋಡಿಯಿಲ್ಲದ ಚಿತ್ರವನ್ನು ಹಾಳುಮಾಡುವುದು ಏಕಮಾತ್ರ ಪ್ರತಿಯಿರುವ ಓಲೆಯ ಗ್ರಂಥವನ್ನು ಒಲೆಗೆ ಹಾಕಿದುದಕ್ಕೆ ಸಮ.

ಇಂದಿನ ದಿನಗಳಲ್ಲಿ ಚಿತ್ರವನ್ನು ತಿದ್ದುವುದಕ್ಕೆ ಕುಂಚವೂ ಬೇಡ, ಕೈಚಳಕವೂ ಬೇಡ. ಕಂಪ್ಯೂಟರು ಬಿಳಿಗಪ್ಪಿನ ಚಿತ್ರಕ್ಕೆ ಕ್ಷಣದಲ್ಲಿ ಬಣ್ಣವನ್ನು ಹಚ್ಚುವುದು. ಹರಿದ ಮೂಲೆಗೆ ಎಲೆಯನ್ನೋ ಗೋಡೆಯನ್ನೋ ತಾನೇ ಕಲ್ಪಿಸಿ ತುಂಬುವುದು. ಮಸುಕಾದ ಮುಖಕ್ಕೆ ಮತ್ತಾರದೋ ಕಣ್ಣುಮೂಗನ್ನು ತಂದು ಕೂರಿಸುವುದು. ಮನೆಮಂದಿಯು ನೋಡಿ ಸಂತೋಷಪಡುವರು. ಆ ಸಂತೋಷವನ್ನು ತಪ್ಪೆನ್ನಲಾಗದು. ಆದರೆ ಫರ್ಗ್ಯುಸನ್ನನು ಚಿತ್ರದ ಕೆಳಗೆ ಬರೆದಂತಹ ಒಂದು ಸಾಲನ್ನು ಈ ಯಂತ್ರದ ಕೆಲಸದ ಕೆಳಗೆ ಬರೆಯುವವರು ವಿರಳ. ಹತ್ತು ವರ್ಷಗಳು ಕಳೆದ ಮೇಲೆ, ಅಜ್ಜಿಯ ಸೀರೆಯ ಹಸಿರು ಬಣ್ಣವು ನಿಜವಾಗಿ ಇದ್ದುದೋ, ಯಂತ್ರವು ಕೊಟ್ಟುದೋ ಎಂಬುದನ್ನು ಹೇಳುವವರು ಮನೆಯಲ್ಲಿರಲಾರರು.

ಆದುದರಿಂದ ಹಳೆಯ ಚಿತ್ರಗಳನ್ನುಳ್ಳ ಸಂಸಾರಗಳು ಅನುಸರಿಸತಕ್ಕ ಕ್ರಮವು ದೊಡ್ಡದೇನೂ ಅಲ್ಲ. ಮೂಲವನ್ನು ಮುಟ್ಟದೆ ಬಿಸಿಲೂ ತೇವವೂ ತಾಕದಂತೆ ಇಡಬೇಕು. ತಿದ್ದುವುದಾದರೆ ಅದರ ಪ್ರತಿಯನ್ನು ತಿದ್ದಿ, ತಿದ್ದಿದುದೆಂದು ಅದರ ಮೇಲೆ ಗುರುತು ಹಾಕಬೇಕು. ಚಿತ್ರದ ಹಿಂದೆ, ಅಥವಾ ಬೇರೊಂದು ಕಾಗದದಲ್ಲಿ, ಊರು, ವರ್ಷ, ನಿಂತ ಜಾಗ, ನೋಡಿದ ದಿಕ್ಕು ಇಷ್ಟನ್ನು ಬರೆದಿಡಬೇಕು. ಗ್ರೀನ್‌ಲಾನ ಚಿತ್ರಗಳಿಗೆ ಬಂಡೆಗಳು ಸಾಕ್ಷಿಯಾದುವು. ಬಯಲು ಸೀಮೆಯ ಊರುಗಳಲ್ಲಿ ಅಂತಹ ಬಂಡೆಗಳಿರುವುದಿಲ್ಲ. ಅಲ್ಲಿ ಅಕ್ಷರವೇ ಬಂಡೆಯ ಕೆಲಸವನ್ನು ಮಾಡಬೇಕು.

ಕೆರಗೋಡಿನ ಹೋಬಳಿಯಲ್ಲಿಯೂ, ಅದೇ ಮಂಡ್ಯದ ತಾಲ್ಲೂಕಿಗೆ ಸೇರಿದ ಬಸರಾಳಿನಲ್ಲಿಯೂ, ಮದುವೆಯದೋ ಜಾತ್ರೆಯದೋ ನೆವದಿಂದ ತೆಗೆಸಿದ ಎಷ್ಟೋ ಚಿತ್ರಗಳು ಗೋಡೆಗಳ ಮೇಲೆಯೂ ಟ್ರಂಕುಗಳ ಅಡಿಯಲ್ಲಿಯೂ ಇರಬಹುದು. ತೆಗೆಸಿದವರ ಲಕ್ಷ್ಯವು ಮುಂದೆ ಕುಳಿತ ಹಿರಿಯರ ಮೇಲೆ ಇದ್ದಿರಬೇಕು. ಅವರ ಬೆನ್ನ ಹಿಂದೆ ಕೆರೆಯ ಏರಿಯೋ, ಕಡಿದುಹೋದ ಮಾವಿನ ತೋಪೋ, ಕ್ರಿ. ಶ. ೧೨೩೪ರಲ್ಲಿ ಎದ್ದ ಬಸರಾಳಿನ ಮಲ್ಲಿಕಾರ್ಜುನ ದೇವಾಲಯದ ಒಂದು ಮೂಲೆಯೋ ಲಕ್ಷ್ಯವಿಲ್ಲದೆಯೇ ಸಿಕ್ಕಿಕೊಂಡಿದ್ದರೆ, ಆ ಹಿನ್ನೆಲೆಯು ಊರಿಗೆ ಸೇರಿದ ಆಸ್ತಿ. ಅದನ್ನು ಕೈಯಲ್ಲಿ ಹಿಡಿದು ಅದೇ ಜಾಗವನ್ನು ಹುಡುಕಿಕೊಂಡು ಹೋಗುವ ಹುಡುಗನಿಗೆ, ಏರಿಯು ಎಷ್ಟು ಕುಸಿದಿರುವುದು, ಕೆರೆಯು ಎಷ್ಟು ಕಿರಿದಾಗಿರುವುದು, ಗುಡಿಯ ಯಾವ ಕಲ್ಲು ಇಲ್ಲವಾಗಿರುವುದು ಎಂಬುದು ಯಾರೂ ಹೇಳದೆಯೇ ತಿಳಿದುಬರುವುದು.